ಹುಲ್ಲಿನ ಸೇತುವೆ, ಬಾಯಿಯ ಭಾಷೆ

(ಯುವಕರ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನಾನು ಪಿಯುಸಿ ಮುಗಿಸಿ ಅಚ್ಚುಕೂಟಕ್ಕೆ ಇಳಿದವನು. ಅಚ್ಚಾದದ್ದು ಉಳಿಯುತ್ತದೆ ಎಂದೇ ನಂಬಿದ್ದವನು. ಆ ನಂಬಿಕೆಯನ್ನು ಅಲುಗಿಸಿದ ಒಂದು ಸೀಮೆಯ ಕತೆ ಹೇಳುತ್ತೇನೆ, ಕೇಳಿ.

ದಕ್ಷಿಣ ಅಮೆರಿಕದ ಪೆರು ದೇಶ. ಆಂಡಿಸ್ ಪರ್ವತಗಳ ನಡುವೆ, ಕುಸ್ಕೊ ಸೀಮೆಯ ಕಾನಾಸ್ ಪ್ರಾಂತ್ಯದಲ್ಲಿ ಕೇವೆ ಎಂಬ ಪುಟ್ಟ ಜಿಲ್ಲೆ. ನಮ್ಮ ಹೋಬಳಿಯಂಥದ್ದು. ಸಮುದ್ರಮಟ್ಟದಿಂದ ಸುಮಾರು 12,000 ಅಡಿ ಎತ್ತರ. ಮರ ಕಡಿಮೆ, ಹುಲ್ಲೇ ಹೆಚ್ಚು. ಆಲೂಗೆಡ್ಡೆ ಬೆಳೆದು, ಕುರಿ ಮೇಯಿಸಿ ಬದುಕುವ ಜನ. ಆಡುವುದು ಕೆಚುವಾ. ಅವರೇ ಅದಕ್ಕಿಟ್ಟ ಹೆಸರು ರುನಸಿಮಿ, ಎಂದರೆ ಮನುಷ್ಯರ ಮಾತು. ಕಣಿವೆಯ ಹೊಳೆ ಅಪುರಿಮಕ್. ಹಾಗೆಂದರೆ ಮಾತಾಡುವ ಒಡೆಯ!

ಆ ಹೊಳೆಗೆ ಹುಲ್ಲಿನ ಸೇತುವೆಯಿದೆ, ಕೆಸ್ವಚಾಕ. ಉದ್ದ ಸುಮಾರು 28 ಮೀಟರ್. ಪ್ರತಿ ಜೂನ್‌ನಲ್ಲಿ ನಾಲ್ಕು ಊರಿನವರು ಸೇರಿ ಹೊಸದಾಗಿ ಕಟ್ಟುತ್ತಾರೆ. ಮೊದಲು ಭೂತಾಯಿ ಪಚಮಾಮಳಿಗೆ ಪೂಜೆ. ಮನೆಮನೆಯಲ್ಲಿ ಹೊಸೆದ ತೆಳು ಹುರಿಗಳು ಸೇರಿ ಮಿಣಿಯಾಗುತ್ತವೆ, ಮಿಣಿ ಸೇರಿ ತೊಡೆಗಾತ್ರದ ಹಗ್ಗ. ಕಾಲಿಗೆ ನಾಲ್ಕು ಹಗ್ಗ, ಕೈಗೆ ಎರಡು. ಮೂರು ದಿನ ದುಡಿಮೆ, ನಾಲ್ಕನೆಯ ದಿನ ಹಬ್ಬ. ಕೂಲಿಯಿಲ್ಲ, ನಮ್ಮ ಮುಯ್ಯಾಳಿನ ಹಾಗೆ. 2013ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ಪ್ರಾಂತ್ಯದ ಸುರಿಮಾನದಲ್ಲಿ ಹುಟ್ಟಿದವನು ಎರಡನೇ ಟುಪಾಕ್ ಅಮಾರು. 1780ರಲ್ಲಿ ದಂಗೆ ಎದ್ದ. 1781ರಲ್ಲಿ ಸ್ಪೇನಿನವರು ಕುಸ್ಕೊದ ಚೌಕದಲ್ಲಿ ಅವನ ನಾಲಗೆ ಕತ್ತರಿಸಿ ಕೊಂದರು. ಜನರೆಲ್ಲ ಸ್ಪ್ಯಾನಿಷ್ ಕಲಿಯಬೇಕೆಂದು ಆ ತೀರ್ಪಿನಲ್ಲೇ ಬರೆದರು. 1975ರಲ್ಲಿ ಸರ್ಕಾರ ಕೆಚುವಾವನ್ನು ಸ್ಪ್ಯಾನಿಷ್‌ಗೆ ಸಮನಾದ ಆಡಳಿತ ಭಾಷೆ ಎಂದಿತು. 1979ರ ಸಂವಿಧಾನ ಅದನ್ನು ಕೆಲವು ಪ್ರದೇಶಗಳಿಗಷ್ಟೇ ಇಳಿಸಿತು. ಕಾಗದ ಕೊಟ್ಟಿತು, ಕಾಗದವೇ ಕಿತ್ತುಕೊಂಡಿತು.

ಆದರೂ 2017ರ ಜನಗಣತಿಯಲ್ಲಿ ಕೆಚುವಾ ತಾಯ್ನುಡಿ ಎಂದವರು 37 ಲಕ್ಷಕ್ಕೂ ಹೆಚ್ಚು. ಉಳಿಸಿದ್ದು ಯಾವ ಆಜ್ಞೆ? ಮನೆಯ ಬಾಯಿ! ಅಪಾಯವೂ ಅಲ್ಲೇ. ಬೆಟ್ಟದಿಂದ ಲಿಮಾ ನಗರಕ್ಕೆ ದುಡಿಯಲು ಹೋದ ಎಷ್ಟೋ ತಾಯಿ ತಂದೆಯರು, ಹಂಗಿಸುವವರಿಗೆ ಅಂಜಿ, ಮಕ್ಕಳೊಡನೆ ಕೆಚುವಾ ಆಡುವುದನ್ನೇ ಬಿಟ್ಟರು.

2020ರಲ್ಲಿ ಕೊರೊನಾ ಬಂತು. ಸೇತುವೆ ಹೊಸೆಯಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಅದು ಕುಸಿದು ಹೊಳೆಗೆ ಬಿತ್ತು. ಯುನೆಸ್ಕೊ ಪಟ್ಟಿಯಲ್ಲಿ ಹೆಸರಿತ್ತು, ಹುಲ್ಲಿಗೆ ಅದು ಗೊತ್ತೇ? ಜೂನ್‌ನಲ್ಲಿ ಅದೇ ಊರುಗಳ ಜನ ಮತ್ತೆ ಕಟ್ಟಿದರು. ಹೊಸೆಯುವ ಕೈ ಇತ್ತು, ಹೇಳಿಕೊಡುವ ಮಾತು ಇತ್ತು.

ಗೆಳೆಯರೇ, ಸೇತುವೆಗೆ ಸಿಕ್ಕ ಗಡುವು ಒಂದು ವರ್ಷ. ಭಾಷೆಗೆ ಸಿಗುವುದು ಒಂದು ತಲೆಮಾರು, ಅಷ್ಟೇ.