ದಿಬ್ಬದ ಮೇಲಿನ ಹಸಿರು
(ಭೋಸರಿಯಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಯ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳಲ್ಲಿ ದುಡಿದವರಿಗೆ ಸೈನೈಡ್ ಅಪರಿಚಿತವಲ್ಲ. ಆದುದರಿಂದ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಮಾತನ್ನು ಭೋಸರಿಯಲ್ಲಿ ಎತ್ತಲು ನನಗೆ ಸಂಕೋಚವಿಲ್ಲ.

ಅದಿರನ್ನು ಹುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದುದನ್ನು ಊರಿನ ಮಗ್ಗುಲಲ್ಲೇ ಸುರಿಯುತ್ತ ಬಂದರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ ಹುಡಿ, ಹಾಗೆಯೇ ಉಳಿದವು. ನಾನು ಹೋದ ದಿನ ಗಾಳಿಯಿತ್ತು. ವೃದ್ಧೆಯೊಬ್ಬರು ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. "ನಮ್ಮ ಗಂಡಸರೇ ಕೆಳಗಿನಿಂದ ತಂದ ಮಣ್ಣಲ್ಲವೇ" ಎಂದರು.

ಗಿಡ ನೆಟ್ಟರೆ ವಿಷ ಹೋಗುತ್ತದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಬಿಸಿಲು ತಾಗುವಲ್ಲಿ ಸೈನೈಡ್ ಕಾಲಕ್ರಮದಲ್ಲಿ ಬಹುಪಾಲು ಒಡೆದುಹೋದೀತು. ಲೋಹ ಹಾಗೆ ಅಳಿಯುವುದಿಲ್ಲ. ಲೋಹ ಹೀರುವ ಸಸ್ಯಗಳಿರುವುದು ನಿಜ. ಮರ ಕೆಡದಂತೆ ರಾಸಾಯನಿಕ ಊಡುತ್ತಿದ್ದ ಫ್ಲಾರಿಡಾದ ಹಳೆಯ ಕಾರ್ಖಾನೆಯೊಂದರ ನೆಲದಲ್ಲಿ, ಟೆರಿಸ್ ವಿಟ್ಟಾಟಾ ಎಂಬ ಜರಿಗಿಡವು ಆರ್ಸೆನಿಕ್ಕನ್ನು ಎಲೆಗಳಲ್ಲಿ ಕೂಡಿಡುವುದನ್ನು ವಿಜ್ಞಾನಿಗಳು 2001ರಲ್ಲೇ ಪ್ರಕಟಿಸಿದರು. ನಮ್ಮ ದೇಶದ ಹಳೆಯ ಗೋಡೆಗಳ ಬಿರುಕಿನಲ್ಲೂ ಬೆಳೆಯುವ ಗಿಡವದು! ಆದರೆ ಹೀರಿದ ವಿಷ ಎಲೆಯಲ್ಲೇ ಇರುತ್ತದೆ. ಅದನ್ನು ಕೊಯ್ದು ಬೇರೆಡೆ ಭದ್ರವಾಗಿ ಇಡದಿದ್ದರೆ ಮೇಕೆಯ ಹೊಟ್ಟೆಗೋ ಒಲೆಗೋ ಸೇರಿ, ಮರಳಿ ಮನೆಯೊಳಕ್ಕೆ ಬರುತ್ತದೆ. ತೇವ ಬಯಸುವ ಆ ಜರಿ ಕೋಲಾರದ ಬೋಳು ದಿಬ್ಬದ ಮೇಲೆ ಬದುಕುವುದೂ ಕಷ್ಟ.

ಅಲ್ಲಿಗೆ ಬೇಕಾದುದು ಹೀರುವ ಗಿಡವಲ್ಲ, ಹಿಡಿದಿಡುವ ಗಿಡ ಎಂಬುದು ನನ್ನ ಅಭಿಮತ. ನಮ್ಮ ಲಾವಂಚವನ್ನೇ ನೋಡಿ: ಬೇರು ಆಳಕ್ಕಿಳಿದು ಹುಡಿಯನ್ನು ಹೆಣೆಯುತ್ತದೆ, ಹೀರಿದ ಲೋಹದ ಹೆಚ್ಚಿನ ಪಾಲನ್ನು ಬೇರಿನಲ್ಲೇ ಉಳಿಸಿಕೊಳ್ಳುತ್ತದೆ. ದಿಬ್ಬ ಶುದ್ಧವಾಗದು, ಧೂಳು ಅಡಗೀತು. ಅದಕ್ಕೂ ಗೊಬ್ಬರ ಬೇಕು, ಮೊದಲ ವರ್ಷಗಳಲ್ಲಿ ನೀರು ಬೇಕು, ಕಾವಲು ಬೇಕು. ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಂಡು ಹೋಗುವವರಿಂದ ಇದು ಆಗದು.

2024ರ ಜೂನ್‌ನಲ್ಲಿ ಕರ್ನಾಟಕ ಸಚಿವ ಸಂಪುಟವು ಈ ದಿಬ್ಬಗಳಲ್ಲಿ ಅಳಿದುಳಿದ ಚಿನ್ನಕ್ಕಾಗಿ ಹರಾಜು ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆಯಿತ್ತಿತು. ನಾನು ಅದರ ವಿರೋಧಿಯಲ್ಲ. ಆದರೆ ಮತ್ತೊಮ್ಮೆ ಚಿನ್ನ ತೆಗೆದ ಮೇಲೂ ಹುಡಿ ಉಳಿಯುತ್ತದೆ. ಅದಕ್ಕೆ ಹಸಿರು ಹೊದಿಸುವವರು ಯಾರು, ಎಷ್ಟು ವರ್ಷ ನೀರೆರೆಯುವವರು ಯಾರು ಎಂಬುದು ಗುತ್ತಿಗೆಯ ಕರಾರಿನಲ್ಲೇ ಇರಬೇಕು. ಗಣಿ ಇಲಾಖೆಗೆ ಬರೆಯುವ ಮನವಿಯ ಕರಡು ಈ ಮೇಜಿನ ಮೇಲಿದೆ. ದಯವಿಟ್ಟು ಓದಿ, ತಿದ್ದಿ, ಸರಿಯೆನಿಸಿದರೆ ರುಜು ಹಾಕಿ.