ಮನೆ ಮಾರುವ ಮುಂಚೆ ವೀಸಾ ಓದಿ

ನಾನು ಹಾಸನದವಳು. ಹೈಸ್ಕೂಲಿನಲ್ಲಿ 33 ವರ್ಷ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಈಗ ವಯಸ್ಸು 68. ಮಕ್ಕಳಿರುವ ದೇಶಕ್ಕೆ ಹೋಗಿ ನೆಲೆಸೋಣ ಅಂದುಕೊಳ್ಳುವ ನನ್ನ ವಯಸ್ಸಿನವರಿಗೆ ಯಾವ ಯಾವ ವೀಸಾ ಇದೆ ಅನ್ನೋದರ ಬಗ್ಗೆ ಇವತ್ತು ಮಾತಾಡ್ತೀನಿ. ನಾನು ಏಜೆಂಟೂ ಅಲ್ಲ, ಲಾಯರೂ ಅಲ್ಲ. ಮನೆ ಮಾರೋಕೆ ಹೊರಟು ಕೊನೇ ಗಳಿಗೆಯಲ್ಲಿ ಕೈ ಹಿಂದಕ್ಕೆ ತಗೊಂಡವಳು, ಅಷ್ಟೇ.

ನನಗೆ ಮೂರು ಮಕ್ಕಳು. ದೊಡ್ಡವನು ಮೆಲ್ಬರ್ನ್‌ನಲ್ಲಿದ್ದಾನೆ, ಅಲ್ಲಿಯ ಸಿಟಿಜನ್. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ, ಎಚ್-1ಬಿ ವೀಸಾದಲ್ಲಿ. ಚಿಕ್ಕವನು ಮೈಸೂರಿನಲ್ಲಿ. ನಮ್ಮ ಯಜಮಾನ್ರ ವರ್ಷಾಂತಿಕ ಮುಗಿದ ಮೇಲೆ ದೊಡ್ಡವನು, "ಅಮ್ಮಾ, ಒಬ್ಳೇ ಯಾಕಿರ್ತೀಯ? ಮನೆ ಮಾರಿ ಬಂದ್ಬಿಡು" ಅಂದ. ಗಿರಾಕಿನೂ ಸಿಕ್ಕಿದ್ರು. ಅಗ್ರಿಮೆಂಟ್ ಟೈಪ್ ಆಗಿ ಬಂತು. ಸೈನ್ ಹಾಕುವ ಹಿಂದಿನ ರಾತ್ರಿ ಫೋನಿನಲ್ಲಿ ಕೇಳಿದೆ: "ನಾನು ಬರೋದು ಯಾವ ವೀಸಾದಲ್ಲಿ ಕಣೋ?"

"ಸದ್ಯಕ್ಕೆ ವಿಸಿಟರ್ ವೀಸಾ ಅಮ್ಮ. ಆಮೇಲೆ ನೋಡೋಣ."

ಆ "ಆಮೇಲೆ ನೋಡೋಣ" ನನಗೆ ನಿದ್ದೆ ಕೊಡಲಿಲ್ಲ. ಬೆಳಿಗ್ಗೆ ಗಿರಾಕಿಗೆ ಒಂದು ತಿಂಗಳು ಟೈಮ್ ಕೇಳಿ, ಆಯಾ ಸರ್ಕಾರಗಳ ವೆಬ್‌ಸೈಟ್ ಓದೋಕೆ ಕೂತೆ.

ಮೊದಲು ಆಸ್ಟ್ರೇಲಿಯಾ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಮೂರು, ಆರು ಅಥವಾ ಹನ್ನೆರಡು ತಿಂಗಳು ಇರೋಕೆ ಬಿಡ್ತಾರೆ. ಎಷ್ಟೋ ಸಲ ಅದರ ಜೊತೆ 8503 ಅನ್ನೋ ಷರತ್ತು ಇರುತ್ತೆ. ಅಂದ್ರೆ ಅಲ್ಲಿದ್ದುಕೊಂಡೇ ಇನ್ನೊಂದು ವೀಸಾ ಹಾಕಿ ಉಳಿದುಬಿಡೋ ಹಾಗಿಲ್ಲ. ಇನ್ನು ಕಾಯಂ ಆಗಿ ಉಳಿಯೋ ಪೇರೆಂಟ್ ವೀಸಾದಲ್ಲಿ ಎರಡು ದಾರಿ. ಕಡಿಮೆ ಫೀಸಿನದಕ್ಕೆ ಕಾಯಬೇಕಾದ್ದು 30 ವರ್ಷದ ಮೇಲೆ. ನನ್ನ ಲೆಕ್ಕದಲ್ಲಿ ವೀಸಾ ಕೈಗೆ ಬರುವಾಗ ನನಗೆ ನೂರು ಹತ್ತಿರ! ದುಬಾರಿಯದಕ್ಕೆ ತಲೆಗೆ 40 ಸಾವಿರ ಡಾಲರ್‌ಗೂ ಹೆಚ್ಚು ಕಟ್ಟಬೇಕು. ಅದರಲ್ಲೂ ವರ್ಷಗಟ್ಟಲೆ ಸರದಿ.

ದುಡ್ಡು ಇದ್ದರೂ ನನಗೆ ಆ ಬಾಗಿಲು ತೆರೆಯಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅವರು ಮಕ್ಕಳನ್ನ ಎಣಿಸ್ತಾರೆ. ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಜನ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ಇರಬೇಕು, ಇಲ್ಲಾಂದ್ರೆ ಬೇರೆ ಯಾವುದೇ ಒಂದು ದೇಶಕ್ಕಿಂತ ಅಲ್ಲಿ ಹೆಚ್ಚು ಮಕ್ಕಳಿರಬೇಕು. ನನ್ನ ಮೂವರು ಮೂರು ದೇಶದಲ್ಲಿ. ಜೀವನಪೂರ್ತಿ ಭಿನ್ನರಾಶಿ ಕಲಿಸಿದೆ. ನನ್ನ ಮಕ್ಕಳನ್ನೇ ಭಿನ್ನರಾಶಿ ಮಾಡಿ ನೋಡಿ ಫೇಲ್ ಆಗಿದ್ದು ಅವತ್ತೇ.

ಸರಿ, ಅಮೆರಿಕ? ಅಲ್ಲಿ ತಂದೆತಾಯಿಗೆ ಗ್ರೀನ್ ಕಾರ್ಡ್ ಕೇಳುವ ಹಕ್ಕು 21 ವರ್ಷ ತುಂಬಿದ, ಸಿಟಿಜನ್ ಆಗಿರುವ ಮಕ್ಕಳಿಗೆ ಮಾತ್ರ. ಮಗಳೋ ಮಗನೋ ಬರೀ ಗ್ರೀನ್ ಕಾರ್ಡ್‌ನಲ್ಲಿದ್ದರೆ ಆಗಲ್ಲ. ನನ್ನ ಮಗಳಿಗೆ ಅದೂ ಇಲ್ಲ. ಉಳಿದಿದ್ದು ಬಿ-2 ವಿಸಿಟರ್ ವೀಸಾ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಕೊಡ್ತಾರೆ. ಆದರೆ ಹತ್ತು ವರ್ಷ ಅಲ್ಲೇ ಇರಬಹುದು ಅಂತಲ್ಲ! ಇಳಿದಾಗ ಏರ್‌ಪೋರ್ಟ್‌ನಲ್ಲಿ ಅಧಿಕಾರಿ ದಿನ ಗೊತ್ತು ಮಾಡ್ತಾರೆ, ಸಾಮಾನ್ಯವಾಗಿ ಆರು ತಿಂಗಳು. ನಮ್ಮ ಬೀದಿಯವರೇ ಒಬ್ಬರು ಇದನ್ನ ತಿಳಿಯದೆ ಮನೆ ಮಾರಿ ಹೋದ್ರು. ಆರನೇ ತಿಂಗಳಿಗೆ ವಾಪಸ್ ಬಂದು, ತಾವು ಕಟ್ಟಿಸಿದ ಮನೆ ಎದುರಿಗೇ ಬಾಡಿಗೆಗೆ ಇದ್ದಾರೆ. ಗ್ರೀನ್ ಕಾರ್ಡ್ ಸಿಕ್ಕವರಿಗೂ ಒಂದು ಮಾತು: ಅದು ಅಲ್ಲಿ ವಾಸ ಮಾಡೋರಿಗೆ. ಮೊದಲೇ ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳದೆ ಒಂದು ವರ್ಷದ ಮೇಲೆ ಊರಲ್ಲೇ ಕೂತ್ರೆ ಕಾರ್ಡ್ ಕಳಕೊಳ್ಳಬೇಕಾಗಬಹುದು.

ಕೆನಡಾದಲ್ಲಿ ಮಕ್ಕಳೋ ಮೊಮ್ಮಕ್ಕಳೋ ಸಿಟಿಜನ್ ಅಥವಾ ಪಿಆರ್ ಆಗಿದ್ದರೆ ಸೂಪರ್ ವೀಸಾ ಇದೆ. 2022ರಿಂದ ಒಂದು ಸಲ ಹೋದ್ರೆ ಐದು ವರ್ಷದವರೆಗೂ ಇರಬಹುದು. ಮಕ್ಕಳ ಆದಾಯ ತೋರಿಸಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಇರಬೇಕು. ಇಂಗ್ಲೆಂಡ್ 2012ರಿಂದ ಬಾಗಿಲು ಬಹುತೇಕ ಹಾಕಿಬಿಟ್ಟಿದೆ. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರು ಬೇಕು, ಅಂಥ ಆರೈಕೆ ಊರಲ್ಲಿ ಸಿಗಲ್ಲ ಅಂತ ಸಾಬೀತು ಮಾಡಬೇಕು. ಗಟ್ಟಿಮುಟ್ಟಾಗಿರೋರಿಗೆ ಅಲ್ಲಿ ಜಾಗ ಇಲ್ಲ.

ಹಾಗಾದ್ರೆ ನಾನೇನು ಮಾಡಿದೆ? ಆಸ್ಟ್ರೇಲಿಯಾದಲ್ಲಿ 870 ಅನ್ನೋ ತಾತ್ಕಾಲಿಕ ಪೇರೆಂಟ್ ವೀಸಾ 2019ರಿಂದ ಇದೆ. ಮೂರು ಅಥವಾ ಐದು ವರ್ಷಕ್ಕೆ ಸಿಗುತ್ತೆ, ಒಟ್ಟು ಸೇರಿ ಹತ್ತು ವರ್ಷದ ಮಿತಿ. ಮಕ್ಕಳ ತಲೆ ಎಣಿಸಲ್ಲ. ಮೊದಲು ಮಗನ ಸ್ಪಾನ್ಸರ್ ಅರ್ಜಿ ಪಾಸಾಗಬೇಕು, ಆಮೇಲೆ ನಮ್ಮದು. ಮೂರು ವರ್ಷಕ್ಕೇ ಫೀಸು ಐದು ಸಾವಿರ ಡಾಲರ್ ಮೇಲೆ. ಕೆಲಸ ಮಾಡೋ ಹಾಗಿಲ್ಲ, ವಿಮೆ ನಾವೇ ಕಟ್ಟಬೇಕು. ಮಗನಿಗೆ ಹೇಳಿದೆ: "ಇದು ಹಾಕೋಣ. ಆದರೆ ಇದು ಹತ್ತು ವರ್ಷಕ್ಕೆ ಮುಗಿಯುತ್ತೆ. ಆಗ ನನಗೆ ಎಪ್ಪತ್ತೆಂಟು. ವಾಪಸ್ ಬರೋಕೆ ಒಂದು ಮನೆ ಬೇಕು."

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಅದನ್ನ ಯೋಚನೇನೇ ಮಾಡಿರಲಿಲ್ಲ ಅಮ್ಮ" ಅಂದ. ಅವನದು ತಪ್ಪಲ್ಲ, ಪ್ರೀತಿ ಆತುರ ಮಾಡುತ್ತೆ. ಅಗ್ರಿಮೆಂಟ್ ಹರಿದು ಹಾಕಿದೆ. ಮುಂದಿನ ಭಾಗ ಬಾಡಿಗೆಗೆ ಕೊಟ್ಟಿದ್ದೀನಿ, ಹಿಂದಿನ ಎರಡು ಕೋಣೆ ನನಗೇ. ಬೀಗದ ಕೈ ಮೈಸೂರಿನ ಚಿಕ್ಕವನ ಹತ್ರ. ಇಷ್ಟೆಲ್ಲ ಮಾತುಕತೆಯಲ್ಲಿ ಅವನನ್ನ ಯಾರೂ ಒಂದು ಮಾತು ಕೇಳಿರಲಿಲ್ಲ ಅನ್ನೋದೂ ನನಗೆ ತಡವಾಗಿ ಹೊಳೀತು.

ಹೊರಡೋ ಮುಂಚೆ ಮಕ್ಕಳಿಗೆ ಮೂರೇ ಪ್ರಶ್ನೆ ಕೇಳಿ. ಒಂದು ಸಲ ಹೋದ್ರೆ ಕಾನೂನು ಪ್ರಕಾರ ಎಷ್ಟು ದಿನ ಇರಬಹುದು? ಆ ದಿನ ಮುಗಿದ ಮೇಲೆ ಎಲ್ಲಿಗೆ ಬರೋದು? ಆಸ್ಪತ್ರೆ ಸೇರಿದ್ರೆ ಬಿಲ್ ಯಾರು ಕಟ್ಟೋದು? ಬಿಪಿ, ಶುಗರ್ ಇದ್ದವರು ಮೊದಲಿಂದ ಇರೋ ಕಾಯಿಲೆಗೆ ವಿಮೆ ಕೊಡುತ್ತೋ ಇಲ್ಲವೋ ಅಂತ ಸಣ್ಣ ಅಕ್ಷರದಲ್ಲಿ ಓದಿ. ಪೆನ್ಷನ್ ಇರೋರು ನವೆಂಬರ್‌ನ ಜೀವನ ಪ್ರಮಾಣಪತ್ರ ಮರೀಬೇಡಿ. ಫೀಸು, ನಿಯಮ ಬದಲಾಗ್ತಾ ಇರುತ್ತವೆ. ಏಜೆಂಟ್ ಹೇಳಿದ್ದನ್ನೂ, ನಾನು ಹೇಳಿದ್ದನ್ನೂ ಸರ್ಕಾರಿ ವೆಬ್‌ಸೈಟ್‌ನಲ್ಲಿ ಒಂದ್ಸಲ ತಾಳೆ ನೋಡಿ.

ಮಕ್ಕಳ ಮನೆಗೆ ಹೋಗಿ, ಮೊಮ್ಮಕ್ಕಳನ್ನ ಎತ್ತಿ ಆಡಿಸಿ. ಊರಿನ ಮನೆ ಬೀಗದ ಕೈ ಮಾತ್ರ ಯಾರಿಗೂ ಮಾರಬೇಡಿ.