ಮನೆಯ ಅಂಗರಾಗಗಳು

ಸ್ನಾನಕ್ಕೆ ಮುಂಚೆ ಮೈಗೆ ಎಣ್ಣೆ ತಿಕ್ಕುವುದು, ಸೀಗೆಪುಡಿಯಿಂದ ಜಿಡ್ಡು ತೆಗೆಯುವುದು, ಕಡಲೆಹಿಟ್ಟಿಗೆ ಅರಿಶಿನ ಕಲಸಿ ಮುಖಕ್ಕೆ ಹಚ್ಚುವುದು, ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವುದು, ಹರಳೆಣ್ಣೆಯ ದೀಪದ ಮಸಿಗೆ ತುಪ್ಪ ಬೆರಸಿ ಕಾಡಿಗೆ ಮಾಡುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮಗಳು. ಆದುದರಿಂದ ಅಂಗರಾಗಗಳನ್ನು ಮನೆಯಲ್ಲಿಯೇ ಸಿದ್ಧಪಡಿಸುವುದು ನಮಗೆ ಹೊಸ ವಿದ್ಯೆಯೆಂದು ಯಾರೂ ಹೇಳಲಾರರು. ಈಚೆಗೆ ಇದಕ್ಕೆ ಮತ್ತೆ ಉತ್ಸಾಹ ಬಂದಿದೆ. ವಿದ್ಯಾವಂತರಾದ ತರುಣ ತರುಣಿಯರು ತಕ್ಕಡಿ, ಜೇನುಮೇಣ, ಬಗೆಬಗೆಯ ಎಣ್ಣೆಗಳನ್ನು ತರಿಸಿಕೊಂಡು ಅಡಿಗೆಮನೆಯಲ್ಲಿ ಕ್ರೀಮುಗಳನ್ನು ಮಾಡುತ್ತಿದ್ದಾರೆ. ಅಂಗಡಿಯ ಸರಕಿನಲ್ಲಿ ಏನಿದೆಯೋ ಎಂಬ ಸಂಶಯ ಒಂದು ಕಾರಣ. ಹಿರಿಯರ ಪದ್ಧತಿಯಲ್ಲಿ ನಂಬಿಕೆ ಇನ್ನೊಂದು. ಸಂಶಯವೂ ತಪ್ಪಲ್ಲ, ನಂಬಿಕೆಯೂ ತಪ್ಪಲ್ಲ. ಆದರೆ ಹಿರಿಯರ ಪದ್ಧತಿ ಯಾವುದರಿಂದ ಕ್ಷೇಮವಾಗಿತ್ತು ಎಂಬುದನ್ನು ಗಮನಿಸದೆ ಅವರ ಪದಾರ್ಥಗಳನ್ನು ಮಾತ್ರ ಎತ್ತಿಕೊಂಡರೆ ಕೆಲಸ ಕೆಡುತ್ತದೆ.

ಮೇಲೆ ಹೇಳಿದ ವಸ್ತುಗಳನ್ನು ಇನ್ನೊಮ್ಮೆ ನೋಡೋಣ. ಎಣ್ಣೆಯಲ್ಲಿ ನೀರಿಲ್ಲ. ಕಾಡಿಗೆಯಲ್ಲಿ ನೀರಿಲ್ಲ. ಸೀಗೆ, ಅರಿಶಿನ, ಕಡಲೆಹಿಟ್ಟುಗಳು ಒಣ ಪುಡಿಗಳು. ಗಂಧವನ್ನು ನೀರಿನಲ್ಲಿ ತೇಯುತ್ತಿದ್ದರು, ನಿಜ. ಆದರೆ ಆ ಗಳಿಗೆಗೆ ಬೇಕಾದಷ್ಟನ್ನೇ ತೇಯುತ್ತಿದ್ದರು. ಕಲಸಿದ ಹಿಟ್ಟು ಮಿಕ್ಕರೆ ಬಚ್ಚಲಿಗೆ ಹೋಗುತ್ತಿತ್ತು. ನಾಳೆಗೆಂದು ಯಾರೂ ಮುಚ್ಚಿಡುತ್ತಿರಲಿಲ್ಲ. ಒಣಗಿದ್ದು, ಇಲ್ಲವೆ ಎಣ್ಣೆಯದು, ಇಲ್ಲವೆ ಆಗಿಂದಾಗ ಮಾಡಿದ್ದು, ಈ ಮೂರರ ಹೊರಗೆ ನಮ್ಮ ಹಳೆಯ ಅಂಗರಾಗಗಳು ಬಹಳವಾಗಿ ಇರಲಿಲ್ಲ. ನೀರನ್ನು ಎಣ್ಣೆಯೊಡನೆ ಬೆರಸಿ ಭರಣಿಯಲ್ಲಿ ತುಂಬಿ ಒಂದು ತಿಂಗಳು ಇಡುವುದು ಈ ಕ್ರಮಕ್ಕೆ ಸೇರಿದ ಕೆಲಸವಲ್ಲ. ಅದು ಬೇರೆಯೇ ಶಾಸ್ತ್ರ.

ಆ ಶಾಸ್ತ್ರಕ್ಕೂ ಪ್ರಾಚೀನತೆ ಉಂಟು. ಕ್ರಿಸ್ತಶಕ 2ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ಯಾಲೆನ್ ಎಂಬ ವೈದ್ಯನು ಜೇನುಮೇಣವನ್ನು ಎಣ್ಣೆಯಲ್ಲಿ ಕರಗಿಸಿ, ಗುಲಾಬಿಯ ಪರಿಮಳವನ್ನೂ ನೀರನ್ನೂ ಕೂಡಿಸಿ ಒಂದು ಲೇಪವನ್ನು ಮಾಡಿದನೆಂದು ಪ್ರಸಿದ್ಧಿ. ಮೈಗೆ ಹಚ್ಚಿದೊಡನೆ ಅದರ ನೀರು ಬೇರ್ಪಟ್ಟು ಆರಿಹೋಗುತ್ತಿತ್ತು, ಆರುವಾಗ ತಂಪಾಗುತ್ತಿತ್ತು. ‘ಕೋಲ್ಡ್ ಕ್ರೀಮ್’ ಎಂಬ ಹೆಸರಿಗೆ ಮೂಲ ಇದೇ. ಇಂದು ನಾವು ದೋಷವೆಂದು ಕರೆಯುವ ಒಡಕು ಅಂದು ಗುಣವಾಗಿತ್ತು. ಆದರೆ ಗ್ಯಾಲೆನನ ಲೇಪ ಕೈಯಲ್ಲಿ ಒಡೆಯುವುದಲ್ಲದೆ ಭರಣಿಯಲ್ಲಿಯೂ ಒಡೆಯುತ್ತಿತ್ತು. ಜೇನುಮೇಣ ನೀರನ್ನೂ ಎಣ್ಣೆಯನ್ನೂ ಕೂಡಿಸುವ ವಸ್ತುವಲ್ಲ; ಗಟ್ಟಿಯಾಗುವಾಗ ನೀರಿನ ಹನಿಗಳನ್ನು ನಡುವೆ ಸಿಕ್ಕಿಸಿಕೊಳ್ಳುತ್ತದೆ, ಅಷ್ಟೆ. ಮನೆಯ ಕ್ರೀಮುಗಳು ಒಡೆಯುವುದಕ್ಕೆ ಮೊದಲನೆಯ ಕಾರಣ ಈ ಒಂದು ತಿಳಿವಳಿಕೆ ಇಲ್ಲದಿರುವುದು.

ಬಹುಕಾಲದ ಮೇಲೆ ಈ ಲೇಪಕ್ಕೆ ಬಿಳಿಗಾರವನ್ನು ಸೇರಿಸುವ ಉಪಾಯ ಬಂತು. ಜೇನುಮೇಣದಲ್ಲಿ ಸ್ವಲ್ಪ ಆಮ್ಲಾಂಶವಿದೆ, ಬಿಳಿಗಾರ ಕ್ಷಾರ. ಎರಡೂ ಕೂಡಿ ಭರಣಿಯೊಳಗೇ ಕೊಂಚ ಸಾಬೂನು ಹುಟ್ಟುತ್ತದೆ. ಆ ಸಾಬೂನೇ ಎಣ್ಣೆ ನೀರುಗಳ ನಡುವೆ ನಿಂತು ಸಂಧಿ ಮಾಡಿಸುವ ಮಧ್ಯಸ್ಥ. 15 ಗ್ರಾಂ ಮೇಣಕ್ಕೆ 1 ಗ್ರಾಂಗೆ ತುಸು ಕಡಿಮೆಯಾಗಿ ಬಿಳಿಗಾರ ಸಾಕು. ಕಡಿಮೆಯಾದರೆ ಲೇಪ ಒರಟಾಗಿ ನೀರು ಬಿಡುತ್ತದೆ. ಹೆಚ್ಚಾದರೆ ಮೇಲೆ ಹರಳುಗಳು ಕಾಣಿಸಿಕೊಳ್ಳುತ್ತವೆ. ಚಮಚದ ಅಳತೆಯಿಂದ ಈ ಕೆಲಸ ಆಗುವುದಿಲ್ಲವೆಂಬುದಕ್ಕೆ ಇಷ್ಟೇ ಸಾಕ್ಷಿ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಯಲ್ಲಿ. ಎಣ್ಣೆಯ ಪಾತ್ರೆಯೂ ನೀರಿನ ಪಾತ್ರೆಯೂ 70 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಒಂದನ್ನೊಂದು ಕೂಡಿಸಬೇಕು. ತಣ್ಣೀರನ್ನು ಸುರಿದರೆ ಮೇಣ ಕೂಡಲೆ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ. ಆಮೇಲೆ ಎಷ್ಟು ಕಡೆದರೂ ಪ್ರಯೋಜನವಿಲ್ಲ. ಮತ್ತೆ ಎರಡನ್ನೂ ಬಿಸಿಮಾಡಬೇಕು.

ಇಷ್ಟು ಸರಿಯಾಗಿ ಮಾಡಿದವರೂ ಕೆಲವೊಮ್ಮೆ ಸೋಲುವುದುಂಟು. ಬೆಂಗಳೂರಿನಲ್ಲಿ ಹಲವು ಬಡಾವಣೆಗಳಿಗೆ ಕೊಳವೆಬಾವಿಯ ಗಡಸುನೀರೇ ಗತಿ. ಅದರಲ್ಲಿರುವ ಸುಣ್ಣದ ಅಂಶ ಸಾಬೂನನ್ನು ಹಿಡಿದು ನಿರುಪಯುಕ್ತವಾದ ಗಸಿಯನ್ನಾಗಿ ಮಾಡುತ್ತದೆ. ಬಟ್ಟೆ ಒಗೆಯುವಾಗ ನೊರೆ ಬಾರದಿರುವುದಕ್ಕೆ ಕಾರಣವಾದುದೇ ಇಲ್ಲಿ ಕ್ರೀಮು ಒಡೆಯುವುದಕ್ಕೂ ಕಾರಣ. ಬಟ್ಟಿಯಿಳಿಸಿದ ನೀರನ್ನು ತಂದರೆ ಈ ದೋಷ ನೀಗುತ್ತದೆ. ಇನ್ನೊಂದು ಶತ್ರು ಹುಳಿ. ಬಿಳಿಗಾರದ ಕ್ರೀಮಿಗೆ ನಿಂಬೆರಸವನ್ನೋ ಲೋಳೆಸರದ ತಿರುಳನ್ನೋ ಸೇರಿಸಿದರೆ ಆಮ್ಲ ಸಾಬೂನನ್ನು ಮುರಿಯುತ್ತದೆ. ಮಧ್ಯಸ್ಥನು ಎದ್ದುಹೋದ ಮೇಲೆ ಸಂಧಿ ಎಲ್ಲಿಯದು? ಬೇರೆ ಬೇರೆಯಾಗಿ ಒಳ್ಳೆಯವಾದ ಎರಡು ವಸ್ತುಗಳು ಒಂದೇ ಭರಣಿಯಲ್ಲಿ ಬಾಳಲಾರವು. ಪದಾರ್ಥಗಳನ್ನು ಒಂದೊಂದಾಗಿ ಅದರದರ ಕೀರ್ತಿ ನೋಡಿ ಆರಿಸುವುದು ಅದಕ್ಕೇ ಸಾಲದು. ಬಿಳಿಗಾರದ ವಿಷಯದಲ್ಲಿ ಇನ್ನೂ ಒಂದು ಮಾತು. ಯೂರೋಪಿನಲ್ಲಿ ಇದನ್ನು ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ವರ್ಗಕ್ಕೆ ಸೇರಿಸಿದ್ದಾರೆ. ಮಕ್ಕಳಿಗೂ ಗರ್ಭಿಣಿಯರಿಗೂ ಒಡೆದ ಚರ್ಮಕ್ಕೂ ಇದು ಬೇಡ. ಈಗ ದೊರೆಯುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ಎಂಬ ಮೇಣ ಇದೇ ಕೆಲಸವನ್ನು ಕಡಿಮೆ ತೊಡಕಿನಿಂದ ಮಾಡುತ್ತದೆ. ಹೆಸರು ಹಿತವಾಗಿಲ್ಲವೆಂದು ಅದನ್ನು ದೂರವಿಡುವುದು ವಿವೇಕವಲ್ಲ.

ಒಡೆದ ಕ್ರೀಮು ಕಣ್ಣಿಗೆ ಕಾಣುತ್ತದೆ. ಅದರಿಂದ ನಷ್ಟವಾಗುವುದು ಸಾಮಾನಿನ ಬೆಲೆ ಮಾತ್ರ. ಕಾಣದೆ ಕೆಟ್ಟ ಕ್ರೀಮಿನ ವಿಷಯ ಹಾಗಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತಾನು ಮಾಡಿದ ಲೇಪದ ಭರಣಿಯನ್ನು ತಂದು ತೋರಿಸಿದಳು. ಲೋಳೆಸರ, ಪನ್ನೀರು, ಕೊಬ್ಬರಿಎಣ್ಣೆ, ಜೇನುಮೇಣ, ಎರಡು ವಿಟಮಿನ್ ‘ಇ’ ಗುಳಿಗೆ, ನಾಲ್ಕು ಹನಿ ಗಂಧದೆಣ್ಣೆ ಅದರಲ್ಲಿದ್ದುವು. “ಇದರಲ್ಲಿ ಕೆಮಿಕಲ್ ಏನೂ ಇಲ್ಲ ಸಾರ್” ಎಂದಳು. ನೀರೂ ಒಂದು ಕೆಮಿಕಲ್ ಎಂದು ವಾದ ಹೂಡುವುದು ಅಧ್ಯಾಪಕರ ಚಾಳಿ. ಆ ಹೊತ್ತು ನಾವು ಅದಕ್ಕೆ ಹೋಗಲಿಲ್ಲ. ಯಾರಿಗಾಗಿ ಎಂದು ಕೇಳಿದೆವು. ಅಜ್ಜಿಯ ಒಡೆದ ಹಿಮ್ಮಡಿಗೆ ಎಂದಳು. ಅಜ್ಜಿಗೆ ಸಕ್ಕರೆ ಕಾಯಿಲೆ. ಭರಣಿಗೆ ಮೂರು ವಾರ ಆಗಿತ್ತು.

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟೋ ವೇಳೆ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಗಾಯ ಬೇಗ ಮಾಯುವುದಿಲ್ಲ. ಸಣ್ಣ ಬಿರುಕಿನಲ್ಲಿ ಹೊಕ್ಕ ಸೋಂಕು ಕಾಲಿಗೇ ಅಪಾಯ ತರಬಲ್ಲುದು. ಆ ಬಿರುಕಿಗೆ ದಿನಕ್ಕೆರಡು ಸಲ ಒತ್ತಿ ತುಂಬುತ್ತಿದ್ದುದು ಏನನ್ನು? ಲೋಳೆಸರದ ತಿರುಳಿನಲ್ಲಿ ಹೆಚ್ಚಿನ ಪಾಲು ನೀರು, ಮಿಕ್ಕುದರಲ್ಲಿ ಸಕ್ಕರೆಯ ಜಾತಿಯ ವಸ್ತುಗಳು. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಅನ್ನಸತ್ರ ಬೇಕೆ? ಪನ್ನೀರೂ ನೀರೇ. ಸ್ಯೂಡೋಮೋನಾಸ್ ಎಂಬ ಜಾತಿಯ ಜೀವಿಗಳು ಅತ್ಯಲ್ಪ ಆಹಾರವಿರುವ ನೀರಿನಲ್ಲಿಯೂ ಬೆಳೆಯಬಲ್ಲವು. ಗಾಯಗಳಿಗೂ ಕಣ್ಣಿಗೂ ಅವು ಬಹಳ ಕೆಟ್ಟವು. ಬೂಷ್ಟು ಕಾಣುವುದಿಲ್ಲ, ವಾಸನೆ ಬರುವುದಿಲ್ಲ ಎಂಬುದು ಹುಡುಗಿಯ ಸಮಾಧಾನ. ಒಂದು ಗ್ರಾಂ ಲೇಪದಲ್ಲಿ ಲಕ್ಷಗಟ್ಟಲೆ ಜೀವಿಗಳಿದ್ದರೂ ಕಣ್ಣಿಗೂ ಮೂಗಿಗೂ ಏನೂ ತಿಳಿಯದಿರಬಹುದು. ಅಜ್ಜಿಯ ಕಾಲಿಗೆ ಅದನ್ನು ಹಚ್ಚುವುದನ್ನು ಅಂದೇ ನಿಲ್ಲಿಸಿ ಪಾದವನ್ನು ವೈದ್ಯರಿಗೆ ತೋರಿಸಬೇಕೆಂದು ಹೇಳಿ ಕಳುಹಿಸಿದೆವು.

ವಿಟಮಿನ್ ‘ಇ’ ಹಾಕಿದ್ದೇನಲ್ಲ, ಅದು ಕಾಪಾಡುವುದಿಲ್ಲವೆ, ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಎಣ್ಣೆ ಗಾಳಿಯ ಸಂಪರ್ಕದಿಂದ ಕಮಟುವುದು ಒಂದು ಬಗೆಯ ಕೇಡು. ನೀರಿನಲ್ಲಿ ಜೀವಿಗಳು ಬೆಳೆಯುವುದು ಇನ್ನೊಂದು ಬಗೆಯದು. ವಿಟಮಿನ್ ‘ಇ’ ಮೊದಲನೆಯದನ್ನು ತಡಮಾಡುತ್ತದೆ. ಎರಡನೆಯದರ ಗೋಜಿಗೇ ಹೋಗುವುದಿಲ್ಲ. ನಾಲ್ಕು ಹನಿ ಗಂಧದೆಣ್ಣೆಯಿಂದಲೂ ಇದು ಆಗದು. 1916ರಲ್ಲಿ ಮೈಸೂರು ಸರ್ಕಾರದವರು ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದಾಗಿನಿಂದ ನಮ್ಮ ನಾಡಿಗೆ ಆ ಎಣ್ಣೆಯ ಮೇಲೆ ವಿಶೇಷ ಅಭಿಮಾನ. ಪರಿಮಳಕ್ಕೆ ಅದಕ್ಕೆ ಸಮನಾದುದು ಇಲ್ಲ. ಆದರೆ ಪರಿಮಳದ ಎಣ್ಣೆಗಳಿಂದ ಸೂಕ್ಷ್ಮಜೀವಿಗಳನ್ನು ಪೂರ್ತಿಯಾಗಿ ತಡೆಯಬೇಕಾದರೆ ಚರ್ಮ ತಾಳಲಾರದಷ್ಟು ಸುರಿಯಬೇಕಾದೀತು. ಶೀತಪೆಟ್ಟಿಗೆ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಹಾಗಾದರೆ ನೀರಿರುವ ಲೇಪಕ್ಕೆ ಸಂರಕ್ಷಕ ದ್ರವ್ಯ ಬೇಕೇ ಬೇಕು. ಇಲ್ಲಿಯೂ ಒಂದು ತೊಡಕು. ಉಪ್ಪಿನಕಾಯಿ, ಷರಬತ್ತುಗಳಿಂದ ಪರಿಚಿತವಾದ ಸೋಡಿಯಂ ಬೆಂಜೋಯೇಟ್ ಎಲ್ಲರಿಗೂ ಸುಲಭವಾಗಿ ತೋರುತ್ತದೆ. ಅದು ಹುಳಿಯಲ್ಲಿ ಮಾತ್ರ ಕೆಲಸಮಾಡುತ್ತದೆ. ಆಮ್ಲ ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ನಡುವಿನ ಗೆರೆ. 5ನ್ನು ದಾಟಿದರೆ ಬೆಂಜೋಯೇಟಿನ ಬಲ ಬಹುಮಟ್ಟಿಗೆ ಉಡುಗುತ್ತದೆ. ಬಿಳಿಗಾರದ ಕ್ರೀಮು 7ರಿಂದ ಮೇಲಿನ ಕ್ಷಾರ. ಅದಕ್ಕೆ ಬೆಂಜೋಯೇಟ್ ಹಾಕುವುದೂ ಹಾಕದಿರುವುದೂ ಒಂದೇ. ಅಂಥದಕ್ಕೆ ಫೀನಾಕ್ಸಿಎಥನಾಲ್ ಒಗ್ಗುತ್ತದೆ. ಶೇಕಡ 1ನ್ನು ಮೀರಬಾರದು. ಬೂಷ್ಟಿನ ಮೇಲೆ ಅದರ ಹಿಡಿತ ಸಾಲದಾದುದರಿಂದ ಬೇರೊಂದರ ಜೊತೆಯಲ್ಲಿ ಮಿಶ್ರಣವಾಗಿ ಬರುವುದನ್ನೇ ಕೊಳ್ಳುವುದು ಮೇಲು. ಪಿಎಚ್ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ಸ್ಥೂಲವಾದ ಪರೀಕ್ಷೆಗೆ ನಮ್ಮ ಅರಿಶಿನವೇ ಸಾಕು: ಅರಿಶಿನ ಬಳಿದ ಕಾಗದ ಕ್ಷಾರ ತಗಲಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವವರಿಗೆ ಇದು ಗೊತ್ತಿದ್ದ ರಸಾಯನಶಾಸ್ತ್ರವೇ. ಈ ಪರೀಕ್ಷೆಗಾಗಲಿ ಮೈಗಾಗಲಿ ಕೊಂಬನ್ನೇ ತಂದು ಕುಟ್ಟಿಕೊಳ್ಳುವುದು ಒಳ್ಳೆಯದು; ಬಣ್ಣಕ್ಕಾಗಿ ಸೀಸದ ಕ್ರೋಮೇಟನ್ನು ಬೆರಸಿದ ಪುಡಿಗಳು ಪತ್ತೆಯಾಗಿರುವುದುಂಟು.

ಚರ್ಮದ ಹೊರಪದರ ಸ್ವಭಾವತಃ ತುಸು ಹುಳಿ; ಪಿಎಚ್ ಸುಮಾರು 4.5ರಿಂದ 5.5. ಮುಖಕ್ಕೆ ಅಡಿಗೆ ಸೋಡವನ್ನು ಉಜ್ಜುವವರು ಅದನ್ನು 8ರ ಕಡೆಗೆ ಎಳೆಯುತ್ತಾರೆ; ನಿಂಬೆಯ ಹೋಳನ್ನು ಉಜ್ಜುವವರು 2ರ ಕಡೆಗೆ. ನಿಂಬೆಯಲ್ಲಿ ಇನ್ನೂ ಒಂದು ಕೇಡುಂಟು. ಅದರ ಸಿಪ್ಪೆಯ ಎಣ್ಣೆಯಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಯೇಳುತ್ತದೆ. ಬೊಬ್ಬೆ ಆರಿದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಣ್ಣ ತಿಳಿಯಾಗಲೆಂದು ಮಾಡಿದ ಉಪಚಾರಕ್ಕೆ ದೊರೆಯುವ ಫಲ ಇದು. ಲೋಳೆಸರವನ್ನು ಕೊಯ್ದಾಗ ಒಸರುವ ಹಳದಿ ರಸವೂ ಕೆಲವರಿಗೆ ತುರಿಕೆ ತರುತ್ತದೆ; ಪಟ್ಟೆಯನ್ನು ನಿಲ್ಲಿಸಿ ಅದನ್ನು ಬಸಿದುಬಿಡಬೇಕು. ಯಾವ ಹೊಸ ಲೇಪವನ್ನಾದರೂ ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ವಾರ ಹಚ್ಚಿ ನೋಡುವುದು ಕ್ಷೇಮ.

ನಮ್ಮನ್ನು ಕೇಳಿದರೆ, ಮನೆಯಲ್ಲಿ ಮಾಡುವವರು ನೀರಿಲ್ಲದ ಲೇಪದಿಂದಲೇ ತೊಡಗಬೇಕು. ಸಂರಕ್ಷಕದ ಚಿಂತೆಯಿಲ್ಲ, ಒಡೆಯುವ ಭಯವಿಲ್ಲ. ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಎಣ್ಣೆ, ಇಷ್ಟೆ. ಎಳ್ಳೆಣ್ಣೆಯಲ್ಲಿ ಕಮಟುವುದನ್ನು ತಡೆಯುವ ವಸ್ತುಗಳು ಸಹಜವಾಗಿಯೇ ಇವೆ; ಅಗಸೆಎಣ್ಣೆ ಬೇಗ ಕೆಡುತ್ತದೆ. ತಾಮ್ರದ ಪಾತ್ರೆ ಎಣ್ಣೆಯ ಕೇಡನ್ನು ತ್ವರೆಗೊಳಿಸುತ್ತದೆ; ಗಾಜಿನದೋ ಸ್ಟೀಲಿನದೋ ಆಗಬಹುದು. ಕೊಬ್ಬರಿಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಆದುದರಿಂದ ಡಿಸೆಂಬರಿನ ಬೆಂಗಳೂರಿನಲ್ಲಿ ಕಲ್ಲಾಗಿರುವ ಲೇಪ ಮೇ ತಿಂಗಳ ಮಂಗಳೂರಿನಲ್ಲಿ ಹರಿಯುತ್ತದೆ. ಊರನ್ನೂ ಋತುವನ್ನೂ ನೋಡಿ ಮೇಣವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಮಾರುವ ಮನಸ್ಸಿದ್ದವರಿಗೆ ಒಂದು ಎಚ್ಚರಿಕೆ: 1940ರ ಔಷಧ ಮತ್ತು ಪ್ರಸಾಧನಸಾಮಗ್ರಿಗಳ ಕಾಯಿದೆಯಂತೆಯೂ 2020ರ ನಿಯಮಗಳಂತೆಯೂ ಮಾರಾಟಕ್ಕೆಂದು ತಯಾರಿಸುವುದಕ್ಕೆ ಪರವಾನಗಿ ಬೇಕು, ಅಡಿಗೆಮನೆಯೆಂಬ ಕಾರಣಕ್ಕೆ ವಿನಾಯಿತಿಯಿಲ್ಲ.

ಪಶ್ಚಿಮಘಟ್ಟದ ಮುರುಗಲು ಬೀಜದಿಂದ ತೆಗೆಯುವ ತುಪ್ಪ 38ರಿಂದ 40 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಮೈಯ ಶಾಖಕ್ಕೆ ಮೆತ್ತಗಾಗುವ, ಸೆಕೆಗೂ ಗಟ್ಟಿಯಾಗಿ ನಿಲ್ಲುವ ಇಂಥ ವಸ್ತು ನಮ್ಮ ಕಾಡಿನಲ್ಲಿಯೇ ಇರುವಾಗ ದೂರದೇಶದ ಬೆಣ್ಣೆಗಳನ್ನು ಹುಡುಕಬೇಕಾಗಿಲ್ಲ. ಒಡೆದ ಹಿಮ್ಮಡಿಗೆ ಕರಾವಳಿ ಮಲೆನಾಡುಗಳವರು ಇದನ್ನು ಮೊದಲಿನಿಂದಲೂ ಬಳಸುತ್ತ ಬಂದಿದ್ದಾರೆ. ಎಳ್ಳೆಣ್ಣೆಯ ಒಂದು ಪಾಲಿಗೆ ಬದಲಾಗಿ ಇದನ್ನು ಹಾಕಬಹುದು. ಕೆಲವು ದಿನಗಳ ಮೇಲೆ ಲೇಪದಲ್ಲಿ ರವೆಯಂಥ ಕಾಳುಗಳು ಕಂಡರೆ ಕೆಟ್ಟಿತೆಂದು ಎಸೆಯಬಾರದು. ನಿಧಾನವಾಗಿ ಆರಿದಾಗ ಅದರ ಕೊಬ್ಬು ಹರಳುಗಟ್ಟಿರುತ್ತದೆ, ಅಷ್ಟೆ. ಬಿಸಿನೀರಿನ ಪಾತ್ರೆಯಲ್ಲಿ ಭರಣಿಯನ್ನಿಟ್ಟು ಪೂರ್ತಿಯಾಗಿ ಕರಗಿಸಿ, ತಣ್ಣೀರಿನಲ್ಲಿಟ್ಟು ಕದಡುತ್ತ ಬೇಗನೆ ಆರಿಸಿದರೆ ನುಣುಪು ಮರಳುತ್ತದೆ. ಮುಚ್ಚಳದ ಮೇಲೆ ಮಾಡಿದ ತಾರೀಖನ್ನು ಬರೆಯಬೇಕು. ತೆಗೆಯುವುದಕ್ಕೆ ಒಣಗಿದ ಪುಟ್ಟ ಚಮಚವೊಂದನ್ನು ಜೊತೆಯಲ್ಲಿಡಬೇಕು. ಒದ್ದೆ ಬೆರಳಿನಿಂದ ತೆಗೆದರೆ, ನಾವು ಹೊರಗಿಟ್ಟ ನೀರು ಅದೇ ದಾರಿಯಿಂದ ಒಳಗೆ ಬರುತ್ತದೆ.